ಹೆರಿಗೆಯ ನಂತರ ಗಾಳಿ, ಮಲ ಹಿಡಿತಕ್ಕೆ ಸಿಗದಿದ್ದರೆ: ಗುದದ ಸ್ನಾಯುವಿನ ಸೋನೋಗ್ರಫಿ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯಲ್ಲಿ ಹೆರಿಗೆಯ ನಂತರದ ತೊಂದರೆಗಳ ಸೋನೋಗ್ರಫಿ ಮಾಡುವ ನನ್ನ ಬಳಿಗೆ ಬರುವ ಕನ್ನಡದ ಹೆಣ್ಣುಮಕ್ಕಳು ಇರುವುದು ಮಾಟುಂಗಾ, ಡೊಂಬಿವ್ಲಿ, ಮೀರಾ ರೋಡ್ ಕಡೆ. ಹೆರಿಗೆ ಆದದ್ದು ಮಾತ್ರ ಉಡುಪಿಯಲ್ಲೋ ಹುಬ್ಬಳ್ಳಿಯಲ್ಲೋ ವಿಜಯಪುರದಲ್ಲೋ, ತವರಿನ ಹತ್ತಿರದ ಆಸ್ಪತ್ರೆಯಲ್ಲಿ. ಬಂದ ಕಾರಣವನ್ನು ಅವರು ಮೊದಲ ಐದು ನಿಮಿಷ ಹೇಳುವುದಿಲ್ಲ. ಸೊಂಟನೋವು, ಹೊಲಿಗೆಯ ಜಾಗದಲ್ಲಿ ಉರಿ ಎಂದು ಸುತ್ತಿ ಬಳಸಿ ಮಾತಾಡಿ, ಜೊತೆಗೆ ಬಂದ ಅತ್ತೆ ಮಗುವನ್ನೆತ್ತಿಕೊಂಡು ಹೊರಗೆ ಹೋದ ಮೇಲೆ, "ಗ್ಯಾಸ್ ತಡೆಯಲಿಕ್ಕೆ ಆಗುವುದಿಲ್ಲ, ಒಮ್ಮೊಮ್ಮೆ ಬಟ್ಟೆಗೂ ಆಗಿಬಿಡುತ್ತದೆ" ಎನ್ನುತ್ತಾರೆ. ಆ ಮಾತಿನ ನಂತರ ಅವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಉತ್ತರದ ಸಹಿತ ಕೊಟ್ಟಿದ್ದೇನೆ. ಇದು ತಿಳಿವಳಿಕೆಗಾಗಿ ಬರೆದದ್ದು. ನಿಮ್ಮನ್ನು ಮುಟ್ಟಿ ಪರೀಕ್ಷಿಸಿದ ವೈದ್ಯರ ಮಾತಿನ ಜಾಗವನ್ನು ಇದು ತುಂಬುವುದಿಲ್ಲ.

ಹೆರಿಗೆಯಾದವರಿಗೆ ಇದೆಲ್ಲ ಇದ್ದದ್ದೇ ಎಂದು ಮನೆಯಲ್ಲಿ ಹೇಳುತ್ತಾರೆ. ನಿಜವೇ?

ಹೆರಿಗೆಯಾದ ಮೊದಲ ಕೆಲವು ವಾರ ಗಾಳಿ ತಡೆಯಲು ಕಷ್ಟವಾಗುವುದು, ಶೌಚಕ್ಕೆ ಅವಸರವಾಗುವುದು ಹಲವರಿಗೆ ಇರುತ್ತದೆ, ಮತ್ತು ಅವರಲ್ಲಿ ಬಹಳಷ್ಟು ಮಂದಿಗೆ ಅದು ತಾನಾಗಿ ಕಡಿಮೆಯಾಗುತ್ತದೆ. ಆದರೆ ಹಲವರಿಗೆ ಬರುತ್ತದೆ ಎಂಬ ಮಾತು ಬೇರೆ, ಅದನ್ನು ಸಹಿಸಿಕೊಂಡೇ ಇರಬೇಕು ಎಂಬ ಮಾತು ಬೇರೆ. ಎರಡು ಮೂರು ತಿಂಗಳಾದರೂ ಗಾಳಿ, ತೆಳುಮಲ ಅಥವಾ ಗಟ್ಟಿಮಲ ಹಿಡಿತಕ್ಕೆ ಸಿಗದಿದ್ದರೆ, ಶೌಚದ ಅವಸರ ಬಂದ ಒಂದೆರಡು ನಿಮಿಷದೊಳಗೆ ಓಡಲೇಬೇಕಾಗಿದ್ದರೆ, ಒಳಉಡುಪಿನಲ್ಲಿ ಗೊತ್ತಿಲ್ಲದೆ ಕಲೆ ಬೀಳುತ್ತಿದ್ದರೆ, ಗುದವನ್ನು ಮುಚ್ಚುವ ಸ್ನಾಯು ಹೆರಿಗೆಯಲ್ಲಿ ಹರಿದಿತ್ತೇ ಎಂದು ನೋಡಲೇಬೇಕು.

ಈ ತೊಂದರೆ ಇದೆ ಎಂದು ಹೇಳುವುದಕ್ಕೆ ಎಲ್ಲರೂ ಒಂದೇ ಮಾತು ಬಳಸುವುದಿಲ್ಲ. ಲೋಕಲ್ ರೈಲಿನಲ್ಲಿ ಶೌಚಾಲಯ ಇಲ್ಲದ ಕಾರಣ ಬೆಳಗ್ಗೆ ತಿಂಡಿಯನ್ನೇ ಬಿಟ್ಟು ಕೆಲಸಕ್ಕೆ ಹೋಗುವವರಿದ್ದಾರೆ. ಚಾಳಿನ ಸಾಮೂಹಿಕ ಶೌಚಾಲಯದ ಮುಂದೆ ಸಾಲು ನಿಲ್ಲುವುದಕ್ಕೆ ಆಗುವುದಿಲ್ಲವೆಂದು ಬೆಳಗಿನ ಜಾವ ನಾಲ್ಕಕ್ಕೇ ಏಳುವವರಿದ್ದಾರೆ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಶುದ್ಧವಾಗುವ ವುಜುವನ್ನು ಎರಡೆರಡು ಸಲ ಮಾಡಬೇಕಾಗುತ್ತದೆ ಎಂದು ಹೇಳಿದವರೂ, ಪೂಜೆಗೆ ಕೂತು ನಡುವೆಯೇ ಎದ್ದು ಹೋಗಬೇಕಾಗುತ್ತದೆ ಎಂದವರೂ ಇದ್ದಾರೆ. ಇವೆಲ್ಲವೂ ರೋಗಲಕ್ಷಣಗಳೇ, ವೈದ್ಯರಿಗೆ ಹೇಳಬೇಕಾದವೇ.

ಗುದವನ್ನು ಮುಚ್ಚುವ ಸ್ನಾಯು ಯಾವುದು, ಅದು ಹೆರಿಗೆಯಲ್ಲಿ ಹರಿಯುವುದು ಹೇಗೆ?

ಗುದನಾಳವು ಸುಮಾರು ಮೂರು ನಾಲ್ಕು ಸೆಂಟಿಮೀಟರ್ ಉದ್ದದ ದಾರಿ. ಅದರ ಸುತ್ತ ಬಳೆಯೊಳಗೊಂದು ಬಳೆಯಂತೆ ಎರಡು ಸ್ನಾಯುಗಳಿವೆ. ಒಳಗಿನ ಬಳೆ, ಅಂದರೆ ಒಳ ಸ್ಫಿಂಕ್ಟರ್, ಎರಡು ಮೂರು ಮಿಲಿಮೀಟರ್ ದಪ್ಪದ್ದು. ನಮ್ಮ ಇಚ್ಛೆಗೆ ಸಂಬಂಧವಿಲ್ಲದೆ ಹಗಲೂ ರಾತ್ರಿ ಬಿಗಿಯಾಗಿಯೇ ಇರುತ್ತದೆ. ಸುಮ್ಮನೆ ಕೂತಾಗ, ಮಲಗಿದಾಗ ಗುದ ಮುಚ್ಚಿಕೊಂಡಿರುವುದು ಬಹುಪಾಲು ಇದರಿಂದಲೇ. ಹೊರಗಿನ ಬಳೆ, ಹೊರ ಸ್ಫಿಂಕ್ಟರ್, ನಾವು ಬೇಕೆಂದು ಬಿಗಿಹಿಡಿಯುವ ಸ್ನಾಯು. ಹಾಗಾಗಿಯೇ ತೊಂದರೆಯ ಬಗೆಯೂ ಬೇರೆಬೇರೆ: ಅವಸರ ಬಂದಾಗ ತಡೆಯಲಾಗದಿದ್ದರೆ ಅನುಮಾನ ಹೊರ ಸ್ನಾಯುವಿನ ಮೇಲೆ, ಅರಿವಿಲ್ಲದೆ ಸೋರುತ್ತಿದ್ದರೆ ಒಳ ಸ್ನಾಯುವಿನ ಮೇಲೆ. ಈ ಗೆರೆ ಯಾವಾಗಲೂ ಇಷ್ಟು ನೇರವಾಗಿರುವುದಿಲ್ಲ, ಆದರೂ ಪ್ರಶ್ನೆ ಕೇಳುವಾಗ ಇದರಿಂದ ದಾರಿ ಸಿಗುತ್ತದೆ.

ಯೋನಿಯ ಹಿಂಗೋಡೆಗೂ ಗುದನಾಳದ ಮುಂಗೋಡೆಗೂ ನಡುವೆ ಇರುವ ಜಾಗ ಚಿಕ್ಕದು. ಮಗುವಿನ ತಲೆ ಹೊರಬರುವಾಗ ಆ ಜಾಗ ಹಿಗ್ಗಿ ತೆಳುವಾಗಿ, ಸೀಳು ಕೆಳಮುಖವಾಗಿ ಓಡಿದರೆ ಈ ಬಳೆಗಳ ಮುಂಭಾಗಕ್ಕೆ ತಲುಪುತ್ತದೆ. ಮೊದಲ ಹೆರಿಗೆ, ನಾಲ್ಕು ಕಿಲೋಗಿಂತ ಹೆಚ್ಚು ತೂಕದ ಮಗು, ಮುಖ ಮೇಲಾಗಿ ಬರುವ ಮಗು, ಭುಜ ಸಿಕ್ಕಿಕೊಳ್ಳುವುದು, ಮುಕ್ಕುವ ಹಂತ ಬಹಳ ಹೊತ್ತು ಎಳೆಯುವುದು, ಇಕ್ಕಳ ಅಥವಾ ವ್ಯಾಕ್ಯೂಮ್ ಹಾಕಿ ಮಗುವನ್ನು ತೆಗೆಯುವುದು, ಇವು ಅಪಾಯ ಹೆಚ್ಚಿಸುತ್ತವೆ. ಎರಡು ಉಪಕರಣಗಳಲ್ಲಿ ಇಕ್ಕಳದ ಅಪಾಯ ಹೆಚ್ಚು. ಹೆರಿಗೆಯ ದಾರಿ ಅಗಲಿಸಲೆಂದು ಗುದದ ನೇರಕ್ಕೆ ಕೆಳಗೆ ಹಾಕಿದ ಕತ್ತರಿಯೂ ಸೀಳನ್ನು ಅತ್ತಲೇ ಕರೆದೊಯ್ಯುತ್ತದೆ. ಅದಕ್ಕಾಗಿಯೇ ಕತ್ತರಿ ಹಾಕಲೇಬೇಕಾದಾಗ, ಹಿಗ್ಗಿರುವ ಸ್ಥಿತಿಯಲ್ಲಿ ನಡುಗೆರೆಯಿಂದ 60 ಡಿಗ್ರಿ ಓರೆಯಾಗಿ ಹಾಕಬೇಕೆಂದು ಹೇಳುತ್ತಾರೆ. ಹೆರಿಗೆ ಕಷ್ಟವಾದ ಹುಡುಗಿ ಸರಿಯಾಗಿ ಮುಕ್ಕಲಿಲ್ಲ ಎಂದು ಆಮೇಲೆ ಅವಳ ಮೇಲೆಯೇ ತಪ್ಪು ಹೊರಿಸುವುದನ್ನು ಕೇಳಿದ್ದೇನೆ. ಮೇಲಿನ ಪಟ್ಟಿಯಲ್ಲಿ ಅವಳ ಕೈಯಲ್ಲಿದ್ದದ್ದು ಒಂದೂ ಇಲ್ಲ.

ಡಿಸ್ಚಾರ್ಜ್ ಕಾಗದದಲ್ಲಿ 3ಬಿ ಎಂದು ಬರೆದಿದೆ. ಹಾಗೆಂದರೇನು?

ಹೆರಿಗೆಯ ಸೀಳು ಎಷ್ಟು ಆಳಕ್ಕೆ ಹೋಗಿದೆ ಎಂಬುದನ್ನು ನಾಲ್ಕು ಡಿಗ್ರಿಗಳಲ್ಲಿ ಹೇಳುತ್ತಾರೆ. ಒಂದನೇ ಡಿಗ್ರಿಯಲ್ಲಿ ಚರ್ಮ ಮತ್ತು ಯೋನಿಯ ಒಳಪೊರೆ ಮಾತ್ರ ಹರಿದಿರುತ್ತದೆ. ಎರಡನೆಯದರಲ್ಲಿ ಯೋನಿ ಮತ್ತು ಗುದದ ನಡುವಿನ ಸ್ನಾಯುಗಳೂ ಹರಿದಿರುತ್ತವೆ, ಆದರೆ ಗುದದ ಬಳೆ ಉಳಿದಿರುತ್ತದೆ. ಮೂರನೇ ಡಿಗ್ರಿಯಿಂದ ಗುದದ ಸ್ನಾಯುವಿನ ಗಾಯ ಶುರು: ಹೊರ ಸ್ನಾಯುವಿನ ದಪ್ಪದಲ್ಲಿ ಅರ್ಧಕ್ಕಿಂತ ಕಡಿಮೆ ಹರಿದಿದ್ದರೆ 3ಎ, ಅರ್ಧಕ್ಕಿಂತ ಹೆಚ್ಚಾದರೆ 3ಬಿ, ಒಳ ಸ್ನಾಯುವೂ ಹರಿದಿದ್ದರೆ 3ಸಿ. ಗುದನಾಳದ ಒಳಪೊರೆಯವರೆಗೂ ಸೀಳು ಹೋಗಿದ್ದರೆ ನಾಲ್ಕನೇ ಡಿಗ್ರಿ. ನಿಮ್ಮ ಕಾಗದದಲ್ಲಿ ಇಷ್ಟು ಸ್ಪಷ್ಟವಾಗಿ ಬರೆದಿದ್ದರೆ, ಬರೆದವರು ಜಾಗ್ರತೆಯಿಂದ ನೋಡಿದ್ದಾರೆ ಎಂದೇ ಅರ್ಥ. ನನ್ನ ಮುಂದೆ ಬರುವ ಹೆಚ್ಚಿನ ಕಾಗದಗಳಲ್ಲಿ ಇರುವುದು "ನಾರ್ಮಲ್ ಹೆರಿಗೆ, ಹೊಲಿಗೆ ಹಾಕಿದೆ" ಎಂಬ ಒಂದು ಸಾಲು ಮಾತ್ರ.

ಇಷ್ಟು ದೊಡ್ಡ ಗಾಯ ಹೆರಿಗೆ ಕೋಣೆಯಲ್ಲೇ ಗೊತ್ತಾಗಬೇಕಿತ್ತಲ್ಲವೇ?

ಗೊತ್ತಾಗಬೇಕು, ಮತ್ತು ಜಾಗ್ರತೆಯಿಂದ ನೋಡಿದರೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಈ ವಿಷಯದ ಇತಿಹಾಸವೇ ಸ್ವಾರಸ್ಯದ್ದು. 1993ರಲ್ಲಿ ಲಂಡನ್ನಿನ ಅಬ್ದುಲ್ ಸುಲ್ತಾನ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಬಾರಿ ಯೋನಿಮಾರ್ಗವಾಗಿ ಹೆತ್ತ 79 ಮಹಿಳೆಯರನ್ನು ಆರು ವಾರಗಳ ನಂತರ ಗುದದೊಳಗಿನ ಸೋನೋಗ್ರಫಿಯಿಂದ ನೋಡಿದಾಗ 28 ಮಂದಿಯಲ್ಲಿ, ಅಂದರೆ ಶೇ. 35ರಷ್ಟು ಜನರಲ್ಲಿ, ಸ್ನಾಯುವಿನಲ್ಲಿ ಬಿರುಕು ಕಂಡಿತು. ಆದರೆ ತೊಂದರೆ ಇದೆ ಎಂದವರು ಹತ್ತೇ ಮಂದಿ. ಅಲ್ಲಿಯವರೆಗೆ ನರಗಳು ಎಳೆದುಕೊಂಡದ್ದೇ ಈ ತೊಂದರೆಗೆ ಮುಖ್ಯ ಕಾರಣವೆಂದು ನಂಬಿದ್ದ ವೈದ್ಯಲೋಕಕ್ಕೆ ಇದು ದೊಡ್ಡ ತಿರುವು. ಇಂಥ ಬಿರುಕುಗಳಿಗೆ ಆಗ "ಗುಪ್ತ ಗಾಯ" ಎಂದರು.

ಗುಪ್ತ ಎಂಬ ಆ ಮಾತು ಮುಂದೆ ಹಾಗೆಯೇ ಉಳಿಯಲಿಲ್ಲ. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹೆರಿಗೆ ಮಾಡಿಸಿದವರು ನೋಡಿ ಮುಗಿಸಿದ ಮೇಲೆ ತರಬೇತಿ ಪಡೆದ ವೈದ್ಯರೊಬ್ಬರು ಅದೇ ತಾಯಂದಿರನ್ನು ಅಲ್ಲಿಯೇ ಮತ್ತೊಮ್ಮೆ ಪರೀಕ್ಷಿಸಿದರು. ಶೇ. 11ರಷ್ಟಿದ್ದ ಸ್ನಾಯುಗಾಯಗಳ ಲೆಕ್ಕ ಸುಮಾರು ಶೇ. 25ಕ್ಕೆ ಏರಿತು. ಅಡಗಿದ್ದವು ಎಂದುಕೊಂಡ ಗಾಯಗಳಲ್ಲಿ ಹೆಚ್ಚಿನವು ಅಡಗಿರಲೇ ಇಲ್ಲ, ನೋಡಿದವರ ಕಣ್ಣಿಗೆ ಬಿದ್ದಿರಲಿಲ್ಲ ಅಷ್ಟೇ. ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಹೊಲಿಗೆಗೆ ಮುಂಚೆ ಒಳ್ಳೆಯ ಬೆಳಕಿನಲ್ಲಿ ನೋಡಿ, ತೋರುಬೆರಳನ್ನು ಗುದದೊಳಗೂ ಹೆಬ್ಬೆರಳನ್ನು ಯೋನಿಯ ಕಡೆಗೂ ಇಟ್ಟು ನಡುವಿನ ಸ್ನಾಯುವನ್ನು ಉರುಳಿಸಿದಂತೆ ಹಿಡಿದು ನೋಡಿದರೆ, ಬಳೆ ಗಟ್ಟಿಯಾಗಿದೆಯೇ ಅಥವಾ ಅಲ್ಲಿ ಬರೀ ತೆಳುಪೊರೆ ಕೈಗೆ ಸಿಗುತ್ತಿದೆಯೇ ಎಂದು ತಿಳಿಯುತ್ತದೆ. ಅದಕ್ಕೆ ಒಂದು ನಿಮಿಷ ಸಾಕು. ಆ ಒಂದು ನಿಮಿಷ ಕೊಡದಿದ್ದರೆ, ಹರಿದ ಬಳೆಯ ಮೇಲೆಯೇ ಚರ್ಮವನ್ನು ಚೆನ್ನಾಗಿ ಹೊಲಿದು ಕಳಿಸಿದಂತಾಗುತ್ತದೆ. ಹೊರಗಿನಿಂದ ನೋಡಿದರೆ ಗಾಯ ಒಣಗಿದೆ, ಒಳಗೆ ಸ್ನಾಯುವಿನ ಎರಡು ತುದಿಗಳು ಹಿಂದೆ ಸರಿದು ದೂರವಾಗಿವೆ.

ಹಾಗಾದರೆ ಹೆರಿಗೆ ಕೋಣೆಯಲ್ಲೇ ಎಲ್ಲರಿಗೂ ಸೋನೋಗ್ರಫಿ ಮಾಡಬಾರದೇಕೆ?

2005ರಲ್ಲಿ ಪ್ರಕಟವಾದ, 752 ಚೊಚ್ಚಲ ತಾಯಂದಿರ ಒಂದು ಪ್ರಯೋಗದಲ್ಲಿ ಹೀಗೇ ಮಾಡಿ ನೋಡಿದ್ದರು. ಹೆರಿಗೆಯಾದ ಕೂಡಲೇ ಸೋನೋಗ್ರಫಿ ಮಾಡಿ, ಬಿರುಕು ಕಂಡಲ್ಲಿ ತೆರೆದು ಹೊಲಿದ ಗುಂಪಿನಲ್ಲಿ ಮೂರು ತಿಂಗಳ ನಂತರ ತೀವ್ರ ತೊಂದರೆ ಶೇ. 3.3 ಜನರಿಗೆ ಇತ್ತು. ಮಾಮೂಲು ಪರೀಕ್ಷೆ ಮಾತ್ರ ಮಾಡಿದ ಗುಂಪಿನಲ್ಲಿ ಶೇ. 8.7. ಆಶಾದಾಯಕವೇ ಸರಿ. ಆದರೆ ರಾತ್ರಿ ಎರಡು ಗಂಟೆಗೆ ಆದ ಹೆರಿಗೆಯಲ್ಲಿ, ಊದಿಕೊಂಡು ರಕ್ತ ತುಂಬಿದ ಜಾಗದ ಚಿತ್ರವನ್ನು ಓದಬಲ್ಲವರು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ತಪ್ಪು ಓದಿದರೆ ಬೇಡದ ಹೊಲಿಗೆ ಬೀಳುತ್ತದೆ. ಬೆರಳಿನ ಪರೀಕ್ಷೆಯನ್ನು ಎಲ್ಲರಿಗೂ ಸರಿಯಾಗಿ ಕಲಿಸುವುದು ಮೊದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಸೋನೋಗ್ರಫಿ ಮಾಡುವವಳಾಗಿಯೇ ಈ ಮಾತು ಹೇಳುತ್ತಿದ್ದೇನೆ.

ಈ ಸೋನೋಗ್ರಫಿ ಹೇಗೆ ಮಾಡುತ್ತಾರೆ?

ಎರಡು ಬಗೆ. ಮೊದಲನೆಯದು ಗುದದೊಳಗಿನಿಂದ ಮಾಡುವುದು. ಹೆಬ್ಬೆರಳಿನ ಆಸುಪಾಸಿನ ದಪ್ಪದ ಕಡ್ಡಿಯಂಥ ಪ್ರೋಬ್‌ಗೆ ಕಾಂಡೋಮ್ ಮತ್ತು ಜೆಲ್ ಹಾಕಿ ಕೆಲವು ಸೆಂಟಿಮೀಟರ್ ಒಳಗೆ ಇಡುತ್ತಾರೆ. ಅದು ಸುತ್ತಲೂ 360 ಡಿಗ್ರಿ ಚಿತ್ರ ತೆಗೆಯುತ್ತದೆ. ಸ್ನಾಯುವಿನ ಬಿರುಕನ್ನು ನೋಡಲು ಬಹುಕಾಲದಿಂದ ಇದನ್ನೇ ಮಾನದಂಡವೆಂದು ಒಪ್ಪಿದ್ದಾರೆ.

ಎರಡನೆಯದು ಹೊರಗಿನಿಂದ ಮಾಡುವುದು. ಗರ್ಭಿಣಿಯ ಹೊಟ್ಟೆಯ ಮೇಲೆ ಇಡುವ ಬಾಗಿದ ಪ್ರೋಬನ್ನೇ ಯೋನಿದ್ವಾರದ ಕೆಳಭಾಗಕ್ಕೆ ತಾಗಿಸಿ, ಅಡ್ಡಕ್ಕೆ ತಿರುಗಿಸಿ, ಗುದದ ಕಡೆ ಓರೆ ಮಾಡುತ್ತಾರೆ. ಯಂತ್ರದಲ್ಲಿ 3ಡಿ ಸೌಕರ್ಯ ಇದ್ದರೆ ಗುದನಾಳವನ್ನು ಮೇಲಿನಿಂದ ಕೆಳಗಿನವರೆಗೆ ಸೌತೆಕಾಯಿಯ ಬಿಲ್ಲೆ ಕತ್ತರಿಸಿದ ಹಾಗೆ ಎಂಟು ಬಿಲ್ಲೆಗಳಾಗಿ ತೋರಿಸಬಹುದು. ಇದರಲ್ಲಿ ಗುದದೊಳಗೆ ಏನನ್ನೂ ಹಾಕುವುದಿಲ್ಲವಾದ್ದರಿಂದ ಸ್ನಾಯು ತನ್ನ ಸಹಜ ಆಕಾರದಲ್ಲೇ ಇರುತ್ತದೆ, ಬಾಣಂತಿಗೂ ಸುಲಭ, ಸೊಂಟದ ತಳದ ಇತರ ಸ್ನಾಯುಗಳು ಮೂಳೆಯಿಂದ ಕಿತ್ತುಬಂದಿವೆಯೇ ಎಂದೂ ಅದೇ ಹೊತ್ತಿಗೆ ನೋಡಬಹುದು. "ಗಾಳಿ ಬರದ ಹಾಗೆ ಬಿಗಿಹಿಡಿಯಿರಿ" ಎಂದು ನಡುನಡುವೆ ಹೇಳುತ್ತಾರೆ. ಬಿಗಿಹಿಡಿದಾಗ ಬಿರುಕು ಇನ್ನಷ್ಟು ಸ್ಪಷ್ಟವಾಗುತ್ತದೆ. ನುರಿತ ಕೈಯಲ್ಲಿ ಎರಡು ಬಗೆಯೂ ಒಳ್ಳೆಯವೇ. ಯಾವ ಯಂತ್ರ ಎನ್ನುವುದಕ್ಕಿಂತ ಈ ಚಿತ್ರವನ್ನು ವಾರವಾರವೂ ನೋಡುವವರು ಯಾರು ಎಂದು ಕೇಳಿ.

ನೋವಾಗುತ್ತದೆಯೇ? ಎದೆಹಾಲು ಕುಡಿಸುವವರು ಮಾಡಿಸಬಹುದೇ?

ಒಳಗಿನ ಪರೀಕ್ಷೆಯಲ್ಲಿ ಬೆರಳಿನ ಪರೀಕ್ಷೆಯಷ್ಟು ಇರಿಸುಮುರಿಸು ಇರುತ್ತದೆ, ಹೊರಗಿನದರಲ್ಲಿ ಅದೂ ಕಡಿಮೆ. ಐದು ಹತ್ತು ನಿಮಿಷದ ಕೆಲಸ. ವಿಕಿರಣ ಇಲ್ಲ, ಉಪವಾಸ ಬೇಡ, ಹಾಲು ಕುಡಿಸುವುದಕ್ಕೆ ಏನೂ ಅಡ್ಡಿಯಿಲ್ಲ. ಮೂತ್ರ ಮಾಡಿ ಬನ್ನಿ. ಕೋಣೆಯಲ್ಲಿ ಮಹಿಳಾ ಸಿಬ್ಬಂದಿ ಇರಲಿ ಎಂದು ಕೇಳುವುದು ನಿಮ್ಮ ಹಕ್ಕು.

ತೆರೆಯ ಮೇಲೆ ನೀವು ನೋಡುವುದೇನು?

ಗುದನಾಳದ ನಡುಮಟ್ಟದ ಚಿತ್ರದಲ್ಲಿ ಮಧ್ಯಕ್ಕೆ ನಕ್ಷತ್ರದಂತೆ ಮಡಿಚಿಕೊಂಡ ಒಳಪೊರೆ, ಅದರ ಸುತ್ತ ಕಾಡಿಗೆಯಿಂದ ಬರೆದಂಥ ಕಪ್ಪು ಉಂಗುರ, ಅದರಾಚೆ ಬೂದುಬಿಳುಪಿನ ದಪ್ಪ ಉಂಗುರ ಕಾಣುತ್ತವೆ. ಕಪ್ಪಿನದು ಒಳ ಸ್ನಾಯು, ಬಿಳುಪಿನದು ಹೊರ ಸ್ನಾಯು. ಎರಡೂ ಎಲ್ಲಿಯೂ ತುಂಡಾಗದೆ ಸುತ್ತು ಮುಗಿಸಿದರೆ ಸ್ನಾಯು ಕೂಡಿಕೊಂಡೇ ಇದೆ. ಒಳ ಸ್ನಾಯು ಹರಿದಿದ್ದರೆ ಕಪ್ಪು ಉಂಗುರ ಮುಂದೆ ತೆರೆದುಕೊಂಡು, ಉಳಿದ ಭಾಗ ಹಿಂದಕ್ಕೆ ಸೇರಿ ದಪ್ಪಗಾಗಿ, ಅರ್ಧಚಂದ್ರನ ಆಕಾರ ತಾಳುತ್ತದೆ. ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಹೊರ ಸ್ನಾಯು ಹರಿದಿದ್ದರೆ ಬಿಳುಪಿನ ಪಟ್ಟಿಯ ಮುಂಭಾಗದಲ್ಲಿ ಕಲೆಗಟ್ಟಿದ ಜಾಗ ಬೇರೆ ಬಣ್ಣದ ಬೆಣೆಯಂತೆ ಕೂತಿರುತ್ತದೆ.

ಇಲ್ಲಿ ಹೊಸಬರು ಎಡವುವ ಒಂದು ಜಾಗವಿದೆ. ಗುದನಾಳದ ಮೇಲ್ಭಾಗದಲ್ಲಿ ಪ್ಯೂಬೋರೆಕ್ಟಾಲಿಸ್ ಎಂಬ ಸ್ನಾಯು ಹಿಂದಿನಿಂದ ಜೋಲಿಯ ಹಾಗೆ ಹಿಡಿದಿರುತ್ತದೆ, ಮುಂದೆ ಅದು ತೆರೆದೇ ಇರುತ್ತದೆ. ಹೆಂಗಸರಲ್ಲಿ ಹೊರ ಸ್ನಾಯುವಿನ ಮುಂಭಾಗವೂ ಹಿಂಭಾಗಕ್ಕಿಂತ ಗಿಡ್ಡ. ಹಾಗಾಗಿ ಮೇಲ್ಮಟ್ಟದ ಒಂದೇ ಚಿತ್ರವನ್ನು ನೋಡಿದರೆ ಎಂದೂ ಹೆರದವರಲ್ಲಿಯೂ ಮುಂದೆ ಬಿರುಕು ಇದ್ದಂತೆ ತೋರುತ್ತದೆ. ಈ ಕಾರಣಕ್ಕಾಗಿಯೇ ಒಂದು ಚಿತ್ರವನ್ನು ನಂಬಬಾರದು. ಹೊರಗಿನ ವಿಧಾನದಲ್ಲಿ ಬಳಕೆಯಲ್ಲಿರುವ ಒಂದು ಅಳತೆಯಂತೆ, ಎಂಟು ಬಿಲ್ಲೆಗಳ ಪೈಕಿ ಸ್ನಾಯುವನ್ನು ತೋರಿಸುವ ನಡುವಿನ ಆರರಲ್ಲಿ ಕನಿಷ್ಠ ನಾಲ್ಕರಲ್ಲಿ 30 ಡಿಗ್ರಿ ಅಥವಾ ಹೆಚ್ಚಿನ ಬಿರುಕು ಇದ್ದರೆ ಮಾತ್ರ ಅದನ್ನು ಗಣನೀಯ ಗಾಯವೆನ್ನುತ್ತಾರೆ.

ವರದಿಯಲ್ಲಿ "11ರಿಂದ 1 ಗಂಟೆ" ಎಂದಿದೆ. ಯಾವ ಗಂಟೆ?

ಗುದದ್ವಾರವನ್ನು ಗಡಿಯಾರದ ಮುಖವೆಂದುಕೊಳ್ಳಿ. 12 ಎಂದರೆ ಮುಂದೆ, ಯೋನಿಯ ಕಡೆ. 6 ಎಂದರೆ ಹಿಂದೆ, ಬೆನ್ನುಮೂಳೆಯ ಕಡೆ. ಒಂದು ಗಂಟೆಯ ಅಂತರ 30 ಡಿಗ್ರಿ. ಆದ್ದರಿಂದ 11ರಿಂದ 1 ಎಂದರೆ ಮುಂಭಾಗದಲ್ಲಿ 60 ಡಿಗ್ರಿಯಷ್ಟು ಅಗಲದ ಬಿರುಕು, 10ರಿಂದ 2 ಎಂದರೆ 120. ಹೆರಿಗೆಯ ಗಾಯ ಸಾಮಾನ್ಯವಾಗಿ 12ರ ಎರಡೂ ಬದಿಗೆ ಇರುತ್ತದೆ. ವರದಿಯಲ್ಲಿ ಬಿರುಕು 6ರ ಕಡೆ ಇದ್ದರೆ ಹೆರಿಗೆಯನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು. ಹಿಂದೆ ಮೂಲವ್ಯಾಧಿ, ಫಿಶರ್ ಅಥವಾ ಫಿಸ್ಟುಲಾಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತೇ ಎಂದು ಕೇಳುತ್ತೇವೆ. ಅಗಲದ ಜೊತೆಗೆ ಉದ್ದವೂ ಮುಖ್ಯ, ಬಿರುಕು ನಾಳದ ಒಂದು ಮಟ್ಟದಲ್ಲಿ ಮಾತ್ರವೇ, ಪೂರ್ತಿ ಉದ್ದಕ್ಕೂ ಇದೆಯೇ ಎಂದು. ಉದ್ದವನ್ನು ಹೇಳದ ವರದಿ ಅರ್ಧ ವರದಿ.

ಬಿರುಕು ಕಂಡರೆ ಆಪರೇಷನ್ ಮಾಡಲೇಬೇಕೇ?

ಬೇಕಿಲ್ಲ. ಮೇಲೆ ಹೇಳಿದ 1993ರ ಅಧ್ಯಯನದಲ್ಲೇ ಬಿರುಕು ಇದ್ದವರಿಗಿಂತ ತೊಂದರೆ ಇದ್ದವರು ಕಡಿಮೆ. ಚಿತ್ರಕ್ಕೆ ಚಿಕಿತ್ಸೆ ಕೊಡುವುದಲ್ಲ, ಹೆಂಗಸಿಗೆ ಕೊಡುವುದು. ಹೆರಿಗೆಯ ಸಮಯದಲ್ಲೇ ಗುರುತಿಸಿ, ಆಪರೇಷನ್ ಥಿಯೇಟರಿನಲ್ಲಿ ಸರಿಯಾದ ಅರಿವಳಿಕೆ ಕೊಟ್ಟು ಹೊಲಿದವರಲ್ಲಿ ಶೇ. 60ರಿಂದ 80 ಮಂದಿ ಒಂದು ವರ್ಷದ ಹೊತ್ತಿಗೆ ಯಾವ ತೊಂದರೆಯೂ ಇಲ್ಲದೆ ಇರುತ್ತಾರೆ. ತಡವಾಗಿ ಗೊತ್ತಾದವರಿಗೂ ಮೊದಲ ಹೆಜ್ಜೆ ಸೊಂಟದ ತಳದ ವ್ಯಾಯಾಮವೇ, ಅದೂ ಫಿಸಿಯೋಥೆರಪಿಸ್ಟ್ ಮುಂದೆ ಕೂತು ಕಲಿತದ್ದು. ಸ್ನಾಯು ನಿಜವಾಗಿ ಬಿಗಿಯುತ್ತಿದೆಯೇ ಎಂದು ತೆರೆಯ ಮೇಲೆ ತೋರಿಸುವ ಬಯೋಫೀಡ್‌ಬ್ಯಾಕ್ ಕೆಲವರಿಗೆ ಬಹಳ ನೆರವಾಗುತ್ತದೆ. ಮಲ ತೆಳುವಾಗದಂತೆ ಆಹಾರ ಹೊಂದಿಸುವುದು, ಅಗತ್ಯವಿದ್ದರೆ ವೈದ್ಯರ ಸಲಹೆಯಂತೆ ಮಲ ಗಟ್ಟಿಯಾಗಿಸುವ ಲೋಪೆರಮೈಡ್ ಎಂಬ ಔಷಧಿ, ಇವೂ ಕೆಲಸ ಮಾಡುತ್ತವೆ. ಇಷ್ಟರಿಂದಲೂ ದಿನ ತಳ್ಳುವುದು ಕಷ್ಟವಾದರೆ, ದೊಡ್ಡ ಬಿರುಕು ಇರುವವರಿಗೆ ಸ್ನಾಯುವನ್ನು ಮತ್ತೆ ಕೂಡಿಸುವ ಶಸ್ತ್ರಚಿಕಿತ್ಸೆಯಿದೆ. ಅದರ ಫಲ ಮೊದಲು ಚೆನ್ನಾಗಿದ್ದು ವರ್ಷಗಳು ಕಳೆದಂತೆ ಕುಂದಬಹುದು ಎಂಬುದನ್ನು ಮುಂಚೆಯೇ ತಿಳಿದಿರಬೇಕು. ಬೆನ್ನಿನ ಕೆಳಭಾಗದ ನರಕ್ಕೆ ಸಣ್ಣ ಯಂತ್ರದಿಂದ ಪ್ರಚೋದನೆ ಕೊಡುವ ಚಿಕಿತ್ಸೆಯೂ ಇದೆ, ದುಬಾರಿ.

ಸ್ಕ್ಯಾನ್ ಸರಿಯಾಗಿದೆ ಎಂದರು, ನನಗೆ ತೊಂದರೆ ಹಾಗೆಯೇ ಇದೆ. ನನ್ನ ಭ್ರಮೆಯೇ?

ಖಂಡಿತ ಅಲ್ಲ. ಸೋನೋಗ್ರಫಿ ತೋರಿಸುವುದು ಸ್ನಾಯು ಕೂಡಿದೆಯೋ ಇಲ್ಲವೋ ಎಂಬುದನ್ನು. ಆ ಸ್ನಾಯುವಿಗೆ ಆಜ್ಞೆ ಕೊಡುವ ನರ ಎಳೆದುಕೊಂಡು ಸೊರಗಿದೆಯೇ ಎಂದು ಅದು ನೇರವಾಗಿ ಹೇಳಲಾರದು. ಸ್ನಾಯು ಎಷ್ಟು ಬಲವಾಗಿ ಬಿಗಿಯುತ್ತದೆ ಎಂದು ತಿಳಿಯಲು ಗುದದ ಒತ್ತಡ ಅಳೆಯುವ ಮ್ಯಾನೊಮೆಟ್ರಿ ಬೇಕು, ನರವನ್ನೇ ನೋಡುವ ಪರೀಕ್ಷೆಗಳು ಬೇರೆ. ಹೊರ ಸ್ನಾಯು ಸವೆದು ಕೊಬ್ಬಾಗಿದೆಯೇ ಎಂದು ನೋಡಲು ಎಂಆರ್‌ಐ ಉತ್ತಮ. ದಿನವೂ ತೆಳುಮಲ ಆಗುತ್ತಿದ್ದರೆ ಕರುಳಿನ ಕಾಯಿಲೆಯನ್ನೂ ಹುಡುಕಬೇಕು. ಇನ್ನೊಂದು ಮಾತು: ಗಾಳಿಯೋ ಮಲವೋ ಯೋನಿಯ ಮೂಲಕವೇ ಬರುತ್ತಿದ್ದರೆ ಅದು ಗುದಕ್ಕೂ ಯೋನಿಗೂ ನಡುವೆ ಬಿದ್ದ ರಂಧ್ರದ ಲಕ್ಷಣವಿರಬಹುದು. ಹಾಗಿದ್ದರೂ, ಹೊಲಿಗೆಯ ಜಾಗದಲ್ಲಿ ಕೀವು, ದುರ್ವಾಸನೆ, ಜ್ವರ ಇದ್ದರೂ, ಸ್ಕ್ಯಾನಿನ ದಿನಾಂಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.

ಯಾವಾಗ ಮಾಡಿಸುವುದು ಸೂಕ್ತ?

ಗಾಯವಾಗಿದೆ ಎಂದು ಗೊತ್ತಿದ್ದು ಹೊಲಿದಿದ್ದರೆ 6ರಿಂದ 12 ವಾರದೊಳಗೆ ಒಮ್ಮೆ ತೋರಿಸಿಕೊಳ್ಳಬೇಕು, ಸ್ಕ್ಯಾನ್ ಆಗಲೇ ಮಾಡಬಹುದು. ನಮ್ಮಲ್ಲಿ ಆ ಹೊತ್ತಿಗೆ ಮಗಳು ಬಾಣಂತನದಲ್ಲಿ ತವರಿನಲ್ಲೇ ಇರುತ್ತಾಳೆ, ಹೆರಿಗೆ ಮಾಡಿಸಿದವರು ಅಲ್ಲೇ ಇರುತ್ತಾರೆ. ಮುಂಬಯಿಗೋ ಪುಣೆಗೋ ಗೋವಾಕ್ಕೋ ಮರಳುವ ಮುಂಚೆ ಅವರಿಗೇ ಒಮ್ಮೆ ತೋರಿಸಿ, ಯಾವ ಡಿಗ್ರಿಯ ಸೀಳು, ಯಾವ ಸ್ನಾಯು ಹೊಲಿದರು ಎಂದು ಬರೆಸಿಕೊಂಡು ಬನ್ನಿ.

ಬಾಣಂತನದ ಪಥ್ಯಕ್ಕೂ ಇದಕ್ಕೂ ಸಂಬಂಧ ಇದೆಯೇ?

ಇದೆ. ಅಂಟಿನ ಉಂಡೆ, ತುಪ್ಪ, ಮೆಂತ್ಯದ ಅಡುಗೆಗೆ ನನ್ನ ತಕರಾರಿಲ್ಲ. ನೀರು ಕಡಿಮೆ ಕೊಡುವುದು, ಸೊಪ್ಪು ತರಕಾರಿ ಬಿಡಿಸುವುದು ಮಾತ್ರ ಈ ಗಾಯಕ್ಕೆ ಒಳ್ಳೆಯದಲ್ಲ. ಹೊಸದಾಗಿ ಹೊಲಿದ ಸ್ನಾಯುವಿನ ಮೇಲೆ ಗಟ್ಟಿಮಲ ಹಾದರೆ ಹೊಲಿಗೆ ಬಿಚ್ಚಬಹುದು. ಅದಕ್ಕಾಗಿಯೇ ವೈದ್ಯರು ಮಲ ಮೆತ್ತಗಾಗುವ ಔಷಧಿ ಬರೆದಿರುತ್ತಾರೆ, ಹೆಚ್ಚಾಗಿ ಲ್ಯಾಕ್ಟುಲೋಸ್. "ಬಾಣಂತಿಗೆ ಭೇದಿ ಔಷಧಿ ಕೊಡಬಾರದು" ಎಂದು ಅದನ್ನು ನಿಲ್ಲಿಸಬೇಡಿ.

ಎರಡನೇ ಮಗು ಬೇಕು. ಸಿಸೇರಿಯನ್ ಮಾಡಿಸಲೇಬೇಕೇ?

ಈ ಪ್ರಶ್ನೆಗೆ ಸೋನೋಗ್ರಫಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಒಮ್ಮೆ ಸ್ನಾಯು ಹರಿದವರಿಗೆ ಮುಂದಿನ ಯೋನಿಮಾರ್ಗದ ಹೆರಿಗೆಯಲ್ಲಿ ಮತ್ತೆ ಹರಿಯುವ ಸಾಧ್ಯತೆ ಸುಮಾರು ಶೇ. 5ರಿಂದ 7. ಅಂದರೆ ಬಹುಪಾಲು ಜನರಿಗೆ ಹರಿಯುವುದಿಲ್ಲ. ಬ್ರಿಟನ್ನಿನ ಪ್ರಸೂತಿ ಮತ್ತು ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2015ರಲ್ಲಿ ಕೊಟ್ಟ ಮಾರ್ಗದರ್ಶನದ ಸಾರ ಇಷ್ಟು: ಹಿಂದಿನ ಗಾಯದ ತೊಂದರೆ ಈಗಲೂ ಇರುವವರಿಗೆ, ಅಥವಾ ಸೋನೋಗ್ರಫಿಯಲ್ಲೋ ಮ್ಯಾನೊಮೆಟ್ರಿಯಲ್ಲೋ ದೋಷ ಉಳಿದಿರುವವರಿಗೆ, ಯೋಜಿತ ಸಿಸೇರಿಯನ್ನಿನ ಆಯ್ಕೆಯನ್ನು ವಿವರಿಸಿ ಹೇಳಬೇಕು. ತೊಂದರೆಯಿಲ್ಲ, ಬಳೆ ಕೂಡಿದೆ ಎಂದಾದರೆ ಅನುಭವಿಗಳ ಕೈಯಲ್ಲಿ ಸಹಜ ಹೆರಿಗೆಗೆ ಹೋಗುವುದು ತಕ್ಕ ನಿರ್ಧಾರವೇ.

ನಡುವಿನ ಸ್ಥಿತಿಯವರು ಕಷ್ಟದಲ್ಲಿ ಸಿಲುಕುತ್ತಾರೆ: ತೊಂದರೆ ಏನೂ ಇಲ್ಲ, ಚಿತ್ರದಲ್ಲಿ ಮಾತ್ರ ದೊಡ್ಡ ಬಿರುಕು. ಉಳಿದ ಸ್ನಾಯುವಿನ ಬಲದಿಂದ ಅವರ ದಿನ ಸರಾಗವಾಗಿ ನಡೆದಿದೆ. ಇನ್ನಷ್ಟು ಹರಿದರೆ ಆ ಬಲ ಸಾಲದೆ ಬರಬಹುದು. ಇಲ್ಲಿ ಒಂದೇ ಸರಿ ಉತ್ತರವಿಲ್ಲ. ಮೂರನೇ ಮಗು ಬೇಕೇ, ಹಿಂದಿನ ಮಗುವಿನ ತೂಕ ಎಷ್ಟಿತ್ತು, ಸಿಸೇರಿಯನ್ನಿನ ಅಪಾಯಗಳು ಇವರಿಗೆ ಎಷ್ಟು, ಎಲ್ಲವನ್ನೂ ಕೂತು ಮಾತಾಡಬೇಕು. ಸಿಸೇರಿಯನ್ ಸ್ನಾಯು ಹರಿಯುವುದನ್ನು ತಪ್ಪಿಸುತ್ತದೆ, ಆದರೆ ಮುಂದೆಂದೂ ಹಿಡಿತ ತಪ್ಪದು ಎಂಬ ಭರವಸೆ ಕೊಡುವುದಿಲ್ಲ, ಏಕೆಂದರೆ ಗರ್ಭಧಾರಣೆಯ ಭಾರ, ವಯಸ್ಸು, ಕರುಳಿನ ಸ್ವಭಾವ ಇವೂ ಲೆಕ್ಕಕ್ಕೆ ಬರುತ್ತವೆ.

ಸೀಮಂತ ಮುಗಿದು ಏಳನೇ ತಿಂಗಳಲ್ಲಿ ತವರಿಗೆ ಹೊರಡುವವರು ಈ ಮಾತುಕತೆಯನ್ನು ಹೊರಡುವ ಮುಂಚೆಯೇ ಮುಗಿಸಬೇಕು. ಒಬ್ಬಾಕೆಯ ನೆನಪು ನನಗೆ ಹೋಗುವುದಿಲ್ಲ. ಮೊದಲ ಹೆರಿಗೆಯಲ್ಲಿ 3ಸಿ ಆಗಿ, ಇಲ್ಲಿ ಸ್ಕ್ಯಾನ್ ಆಗಿ, ಯೋಜಿತ ಸಿಸೇರಿಯನ್ ಎಂದು ಎಲ್ಲರೂ ಒಪ್ಪಿದ ಮೇಲೆ, ಆ ಫೈಲು ಡೊಂಬಿವ್ಲಿಯ ಮನೆಯ ಕಪಾಟಿನಲ್ಲಿ ಉಳಿದು ಆಕೆ ಮಾತ್ರ ಊರಿಗೆ ಹೋದಳು. ನೋವು ಎರಡು ವಾರ ಮುಂಚೆಯೇ ಶುರುವಾಗಿ ರಾತ್ರಿ ಆಸ್ಪತ್ರೆಗೆ ಸೇರಿದಾಗ ಅಲ್ಲಿನವರ ಕೈಗೆ ಯಾವ ಕಾಗದವೂ ಸಿಗಲಿಲ್ಲ. ವರದಿಯ ಫೋಟೋ ನಿಮ್ಮ ಫೋನಿನಲ್ಲಿ, ತಾಯಿಯ ಫೋನಿನಲ್ಲಿ, ಗಂಡನ ಫೋನಿನಲ್ಲಿ, ಮೂರು ಕಡೆ ಇರಲಿ.

ಗರ್ಭಿಣಿಯಾಗಿದ್ದಾಗ ಈ ಸ್ಕ್ಯಾನ್ ಮಾಡಿಸಿದರೆ ಕಾನೂನಿನ ತೊಡಕು ಇದೆಯೇ?

ತೊಡಕಿಲ್ಲ, ದಾಖಲೆ ಇದೆ. ಭ್ರೂಣಲಿಂಗ ಪತ್ತೆಯನ್ನು ತಡೆಯಲು ದೇಶದಲ್ಲೇ ಮೊದಲು 1988ರಲ್ಲಿ ಕಾನೂನು ತಂದದ್ದು ಮಹಾರಾಷ್ಟ್ರ. ಕೇಂದ್ರದ ಕಾಯ್ದೆ 1994ರಲ್ಲಿ ಬಂತು. ಅದರಂತೆ ಗರ್ಭಿಣಿಗೆ ಯಾವ ಸೋನೋಗ್ರಫಿ ಮಾಡಿದರೂ ನೋಂದಾಯಿತ ಕೇಂದ್ರದಲ್ಲೇ ಮಾಡಿ ಫಾರ್ಮ್ ಎಫ್ ಎಂಬ ದಾಖಲೆ ಪತ್ರ ತುಂಬಬೇಕು. ಹಾಗಾಗಿ ಗುರುತಿನ ಚೀಟಿ ಮತ್ತು ವೈದ್ಯರ ಚೀಟಿ ತನ್ನಿ.

ನನಗೆ 54 ವರ್ಷ. ಹೆರಿಗೆಯಾಗಿ 30 ವರ್ಷವಾಯಿತು. ಈಗ ಶುರುವಾದ ತೊಂದರೆಗೆ ಅದು ಕಾರಣವಾಗಬಹುದೇ?

ಆಗಬಹುದು. ವಯಸ್ಸಾದಂತೆ ಹೊರ ಸ್ನಾಯು ತೆಳುವಾಗುತ್ತದೆ, ಮುಟ್ಟು ನಿಂತ ಮೇಲೆ ಅಂಗಾಂಶಗಳ ಬಿಗುವು ಇಳಿಯುತ್ತದೆ. ಅಲ್ಲಿಯವರೆಗೆ ಹಳೆಯ ಬಿರುಕನ್ನು ಸರಿದೂಗಿಸಿದ ಬಲ ಆಗ ಸಾಲದೆ ಬರುತ್ತದೆ. ಮಗಳ ಜೊತೆಗೆ ಬಂದ ತಾಯಿ, ಮಗಳ ಪರೀಕ್ಷೆ ಮುಗಿದ ಮೇಲೆ ಬಾಗಿಲ ಬಳಿ ನಿಂತು "ನನಗೂ ಇದೆ" ಎಂದದ್ದು ಒಂದೆರಡು ಸಲವಲ್ಲ. ಅವರೂ ಸ್ಕ್ಯಾನ್ ಮಾಡಿಸಬಹುದು, ವ್ಯಾಯಾಮದಿಂದ ಅವರಿಗೂ ಗುಣ ಕಾಣುತ್ತದೆ. ಆದರೆ ಈ ವಯಸ್ಸಿನಲ್ಲಿ ಮಲವಿಸರ್ಜನೆಯ ಅಭ್ಯಾಸ ಹೊಸದಾಗಿ ಬದಲಾಗಿದ್ದರೆ, ರಕ್ತ ಹೋಗುತ್ತಿದ್ದರೆ, ದೊಡ್ಡ ಕರುಳಿನ ತಪಾಸಣೆ ಮೊದಲು.

ಎಲ್ಲಿಗೆ ಹೋಗಲಿ, ಮರಾಠಿ ಬಾರದವಳು ಹೇಗೆ ಹೇಳಲಿ?

ಸರ್ಕಾರಿ ವ್ಯವಸ್ಥೆಯಲ್ಲಾದರೆ ಮುಂಬಯಿಯಲ್ಲಿ ಪರೇಲಿನ ಕೆಇಎಂ, ಸಾಯನ್ ಆಸ್ಪತ್ರೆ, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು, ಇಂಥ ಬೋಧನಾ ಆಸ್ಪತ್ರೆಗಳ ಸ್ತ್ರೀರೋಗ ಹೊರರೋಗಿ ವಿಭಾಗದಿಂದ ಶುರುಮಾಡಿ. ಖಾಸಗಿಯಲ್ಲಿ ಯೂರೋಗೈನಕಾಲಜಿ (ಹೆಂಗಸರ ಮೂತ್ರ ಮತ್ತು ಸೊಂಟದ ತಳದ ತೊಂದರೆಗಳ) ವೈದ್ಯರನ್ನು ಅಥವಾ ಗುದ ಮತ್ತು ದೊಡ್ಡ ಕರುಳಿನ ಶಸ್ತ್ರಚಿಕಿತ್ಸಕರನ್ನು ಹುಡುಕಿ. ಸಾಮಾನ್ಯ ಸೋನೋಗ್ರಫಿ ಕೇಂದ್ರಕ್ಕೆ ಸುಮ್ಮನೆ ಹೋಗಬೇಡಿ. ಮೊದಲು ಫೋನ್ ಮಾಡಿ, "ಎಂಡೋಏನಲ್ ಅಥವಾ ಟ್ರಾನ್ಸ್‌ಪೆರಿನಿಯಲ್ ಸ್ಫಿಂಕ್ಟರ್ ಸೋನೋಗ್ರಫಿ ಮಾಡುತ್ತೀರಾ, ಯಾರು ಮಾಡುತ್ತಾರೆ, ಯಾವ ದಿನ" ಎಂದು ಈ ಮೂರನ್ನೂ ಕೇಳಿ. ಎಂಡೋಏನಲ್ ಎಂದರೆ ಮೇಲೆ ಹೇಳಿದ ಗುದದೊಳಗಿನ ಬಗೆ, ಟ್ರಾನ್ಸ್‌ಪೆರಿನಿಯಲ್ ಎಂದರೆ ಹೊರಗಿನದು.

ಮರಾಠಿಯಲ್ಲಿ ಮೂರು ವಾಕ್ಯ ಸಾಕು. ಗಾಳಿ ತಡೆಯಲಾಗದಿದ್ದರೆ "ಗ್ಯಾಸ್ ಥಾಂಬವತಾ ಯೇತ್ ನಾಹೀ", ಶೌಚಕ್ಕೆ ಹೋಗುವಷ್ಟು ಹೊತ್ತು ತಡೆಯಲಾಗದಿದ್ದರೆ "ಸಂಡಾಸ್‌ಲಾ ಜಾಯಿಪರ್ಯಂತ್ ಥಾಂಬತಾ ಯೇತ್ ನಾಹೀ", ಬಟ್ಟೆಗೆ ಆಗುತ್ತಿದ್ದರೆ "ಕಪಡ್ಯಾತ್ ಸಂಡಾಸ್ ಹೋತೇ". ಹೇಳಲು ಬಾಯಿ ಬಾರದಿದ್ದರೆ ಒಂದು ಚೀಟಿಯಲ್ಲಿ ಬರೆದು ಕೊಡಿ, ಕನ್ನಡದಲ್ಲಿ ಬರೆದರೂ ಆದೀತು. ಈ ನಗರದ ಆಸ್ಪತ್ರೆಗಳಲ್ಲಿ ಕನ್ನಡ ಓದುವ ಒಬ್ಬ ನರ್ಸ್ ಯಾವುದಾದರೂ ವಾರ್ಡಿನಿಂದ ಸಿಕ್ಕೇ ಸಿಗುತ್ತಾಳೆ. ಚೀಟಿಯಲ್ಲಿ ವಾರಕ್ಕೆ ಎಷ್ಟು ಸಲ ಆಗುತ್ತದೆ, ಪ್ಯಾಡ್ ಇಟ್ಟುಕೊಳ್ಳಬೇಕಾಗುತ್ತದೆಯೇ, ಇದರಿಂದ ಯಾವ ಕೆಲಸ ಬಿಟ್ಟಿದ್ದೀರಿ ಎಂದೂ ಸೇರಿಸಿ. ತೊಂದರೆಯ ತೀವ್ರತೆಗೆ ಅಂಕ ಹಾಕುವಾಗ ನಮಗೆ ಈ ಮೂರು ಉತ್ತರಗಳೂ ಬೇಕು.